ಕೈ ಇರುವ ಬಳ್ಳಿಯ ದುಂಡಮ್ಮ

ಹಿಂದೆ, ನಮ್ಮ ಅಜ್ಜಂದಿರ ಅಜ್ಜಂದಿರಿಗೂ ಹಲ್ಲು ಮೂಡದ ಕಾಲದಲ್ಲಿ, ಕರಡಿಗುಡ್ಡದ ಬುಡದಲ್ಲಿ ಒಂದು ಊರಿತ್ತಂತೆ. ಆ ಊರಲ್ಲಿ ದುಂಡಮ್ಮ ಅಂತ ಒಬ್ಬಳಿದ್ದಳಂತೆ. ಗುಡ್ಡದಲ್ಲಿ ಯಾವುದನ್ನು ತಿನ್ನಬಹುದು, ಯಾವುದನ್ನು ತಿನ್ನಬಾರದು ಅನ್ನುವುದು ಅವಳಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲವಂತೆ. ಕಣ್ಣು ಮುಚ್ಚಿಕೊಂಡು ಬಳ್ಳಿ ಸವರಿ ಅದರ ಹೆಸರು ಹೇಳುತ್ತಿದ್ದಳು ಅನ್ನುತ್ತಾರೆ. ಅವಳು ನಡೆದು ಹೋಗುವಾಗ ಬಳ್ಳಿಗಳು ಸೆರಗು ಹಿಡಿದು ನಿಲ್ಲಿಸುತ್ತಿದ್ದವು ಅಂತಲೂ ಅನ್ನುತ್ತಾರೆ. ಮುಳ್ಳು ಸಿಕ್ಕಿಕೊಂಡಿದ್ದರೂ ಇದ್ದೀತು. ಹೇಳುವವರು ಹಾಗೆ ಹೇಳುತ್ತಾರೆ.

ಶ್ರಾವಣ ಮುಗಿದು ಭಾದ್ರಪದ ಬರುವ ಹೊತ್ತಿಗೆ ಆ ಊರಿನ ಹಗೇವುಗಳು ತಳ ಕಾಣುತ್ತಿದ್ದವು. ಹಗೇವು ಅಂದರೆ ನೆಲದೊಳಗೆ ತೋಡಿ ರಾಗಿ ತುಂಬಿಡುವ ಗುಂಡಿ. ಹೊಲದ ಬೆಳೆ ಆಗಿನ್ನೂ ಹಸಿರು. ಆ ನಡುವಿನ ದಿನಗಳಲ್ಲಿ ಊರನ್ನು ಸಾಕುತ್ತಿದ್ದದ್ದು ಗುಡ್ಡ. ಅಣಬೆ, ಅಣ್ಣೆಸೊಪ್ಪು, ಕಾಡುಗೆಣಸು, ಎಲ್ಲಕ್ಕಿಂತ ಹೆಚ್ಚಾಗಿ ಕಾಡುದ್ರಾಕ್ಷಿ. ಅದು ಸಂತೆಯ ದ್ರಾಕ್ಷಿಯ ಹಾಗಲ್ಲ. ಚಿಕ್ಕದು, ಕಪ್ಪು, ಹಸಿಯಾಗಿ ತಿಂದರೆ ಗಂಟಲು ಕೆರೆಯುತ್ತದೆ. ಆದರೆ ಬೆಲ್ಲ, ಉಪ್ಪು, ಮೆಣಸು ಹಾಕಿ ಕುದಿಸಿ, ಆ ಗೊಜ್ಜನ್ನು ಮುದ್ದೆಯ ಗುಳಿಯಲ್ಲಿ ಬಿಟ್ಟುಕೊಂಡರೆ ಹುಳಿ, ಸಿಹಿ, ಖಾರ ಮೂರೂ ಒಟ್ಟಿಗೆ ನಾಲಿಗೆಯ ಮೇಲೆ ಏಳುತ್ತವೆ. ತಿಂದವರ ಹಲ್ಲು ನೇರಳೆ ಬಣ್ಣವಾಗುತ್ತದೆ. ಮಕ್ಕಳು ಆ ಹಲ್ಲು ತೋರಿಸಿಕೊಂಡು ಬೀದಿ ಬೀದಿ ತಿರುಗುತ್ತಿದ್ದರಂತೆ.

ಅದೇ ಗುಡ್ಡದಲ್ಲಿ ಕಾಕಮಾರಿ ಬಳ್ಳಿಯೂ ಇತ್ತು. ಅದರ ಕಾಯಿ ಜಜ್ಜಿ ಮಡುವಿಗೆ ಹಾಕಿದರೆ ಮೀನುಗಳು ಅಮಲೇರಿ ಹೊಟ್ಟೆ ಮೇಲಾಗಿ ತೇಲುತ್ತವೆ. ಅಷ್ಟು ವಿಷ. ಅದೂ ಗೊಂಚಲು ಬಿಡುತ್ತದೆ, ಅದೂ ಕಪ್ಪಾಗುತ್ತದೆ. ಬಿಡಿ ಹಣ್ಣನ್ನು ಅವಸರದಲ್ಲಿ ನೋಡಿದರೆ ಯಾರಾದರೂ ಮೋಸ ಹೋಗಬಹುದು. ಬಳ್ಳಿಯನ್ನು ನೋಡಿದರೆ ಮೋಸವಿಲ್ಲ. ದ್ರಾಕ್ಷಿ ಬಳ್ಳಿಗೆ ಕೈ ಇದೆ. ಕೈ ಅಂದರೆ, ಎಲೆಯ ಎದುರಿನಿಂದ ಹೊರಟು, ಸುರುಳಿ ಸುತ್ತಿ, ಕೊಂಬೆಯನ್ನು ಹಿಡಿದುಕೊಳ್ಳುವ ಎಳೆ. ಕಾಕಮಾರಿಗೆ ಕೈ ಇಲ್ಲ. ಅದು ಹಾವಿನ ಹಾಗೆ ಮೈಯಿಂದಲೇ ಮರ ಸುತ್ತುತ್ತದೆ.

ಆದರೆ ಆ ಊರಲ್ಲಿ ಒಂದು ಕಟ್ಟಳೆ ಇತ್ತು. ಬಳ್ಳಿಯ ಕೈ ಗುಡ್ಡದವ್ವನ ಕೈ, ಅದನ್ನು ಮುರಿದು ಊರೊಳಗೆ ತಂದರೆ ಅವ್ವ ತನ್ನ ಕೈ ಹುಡುಕಿಕೊಂಡು ಊರಿಗೆ ಇಳಿಯುತ್ತಾಳೆ ಅಂತ. ಆದ್ದರಿಂದ ಹೆಂಗಸರು ಹಣ್ಣನ್ನು ಅಲ್ಲೇ ಬಿಡಿಸಿ, ತೊಟ್ಟು, ಎಲೆ, ಬಳ್ಳಿ ಎಲ್ಲವನ್ನೂ ಅಲ್ಲೇ ಬಿಟ್ಟು ಬರುತ್ತಿದ್ದರು. ಹೊಸಹಣ್ಣಿನ ದಿನ ಎಲ್ಲರ ಕುಕ್ಕೆಯ ಹಣ್ಣೂ ಗೌಡರ ಅಂಗಳದ ಒಂದೇ ಹಂಡೆಗೆ ಬೀಳುತ್ತಿತ್ತು. ಬೇಯಿಸುವವಳು ದುಂಡಮ್ಮ. ಬೇಯಿಸಿದವಳು ಕಡೆಗೆ ಉಣ್ಣಬೇಕು ಅನ್ನುವುದೂ ಕಟ್ಟಳೆಯೇ.

ಆ ವರ್ಷ ಬಯಲುಸೀಮೆಯಿಂದ ಪುಟ್ಟೀರಿ ಅನ್ನುವ ಹುಡುಗಿ ಸೊಸೆಯಾಗಿ ಬಂದಿದ್ದಳು. ದುಂಡಮ್ಮನ ಪಕ್ಕದ ಮನೆ. ಮೊದಲ ಬಸಿರು. ಹೊಸಹಣ್ಣಿನ ದಿನ ಗುಡ್ಡ ಹತ್ತುವಾಗ ಹೆಂಗಸರು ಅವಳನ್ನು ಆಡಿಕೊಂಡರು.

"ಇವಳಿಗೆ ಬಳ್ಳಿ ಅಂದ್ರೆ ಕುಂಬಳಬಳ್ಳಿ ಕಣ್ರೇ!"

"ಕುಕ್ಕೆ ತುಂಬ್ದೆ ಇಳಿದ್ರೆ ನಿಮ್ಮತ್ತೆ ಒಲೆ ಮುಟ್ಟಾಕೆ ಬುಡಕಿಲ್ಲ, ನೋಡ್ಕೋ ಮತ್ತೆ."

ದುಂಡಮ್ಮನೂ ನಕ್ಕಳಂತೆ. ನಗು ಬಂದಿತು, ನಕ್ಕಳು. ಆಮೇಲೆ ಅವಳು ನಕ್ಕಿದ್ದನ್ನು ಯಾರೂ ಕಂಡಿಲ್ಲ.

ಆ ಸಂಜೆ ಊರೆಲ್ಲ ಸಾಲಾಗಿ ಕೂತು ಉಂಡಿತು. ದುಂಡಮ್ಮನ ಮಗಳು ಸಣ್ಣಾಜಿ ಗೊಜ್ಜು ಇನ್ನಷ್ಟು ಹಾಕಿಸಿಕೊಂಡು, "ಈ ಸಲ ಒಂಚೂರು ಕಹಿ ಐತಲ್ಲವ್ವಾ" ಅಂದಳಂತೆ. ಮೆಣಸು ಹೆಚ್ಚಾಗಿರಬೇಕು ಅಂತ ದುಂಡಮ್ಮ ಇನ್ನೊಂದು ಉಂಡೆ ಬೆಲ್ಲ ಹಾಕಿದಳು. ಪುಟ್ಟೀರಿಗೆ ಬಸಿರಿನ ಓಕರಿಕೆ, ಅವಳು ಒಂದು ತುತ್ತಿಗೇ ಎಲೆ ಸರಿಸಿ ಎದ್ದಳು. ಸ್ವಲ್ಪ ಹೊತ್ತಿಗೆ ಸಾಲಿನಲ್ಲಿ ಒಬ್ಬ ತಲೆ ತಿರುಗುತ್ತದೆ ಅಂದ. ಆಮೇಲೆ ಒಬ್ಬೊಬ್ಬರಾಗಿ ಬಿದ್ದರು. ಮೈ ಬಿಲ್ಲಿನ ಹಾಗೆ ಬಾಗಿ ಬಾಗಿ ಸೆಟೆಯಿತು. ಕೆಲವರು ವಾಂತಿ ಮಾಡಿ ಉಳಿದರು. ಸಣ್ಣಾಜಿ ಉಳಿಯಲಿಲ್ಲ. ಗೌಡರ ಒಬ್ಬನೇ ಮಗ ಉಳಿಯಲಿಲ್ಲ. ಇನ್ನೂ ಹಲವರು ಉಳಿಯಲಿಲ್ಲ.

ಮಗಳನ್ನು ಮಣ್ಣಿಗಿಟ್ಟ ಕೈಯನ್ನು ತೊಳೆಯದೆ ದುಂಡಮ್ಮ ಗುಡ್ಡ ಹತ್ತಿದಳಂತೆ. ಒಂದು ಬಂಡೆಯ ಹಿಂದೆ ಕಾಕಮಾರಿ ಬಳ್ಳಿ ಬರಿದಾಗಿ ನಿಂತಿತ್ತು. ಗುಡ್ಡದ ಹೆಂಗಸರು ಗೊಂಚಲನ್ನು ತಿರುವಿ, ಉಗುರಿನಿಂದ ಚಿವುಟುತ್ತಾರೆ. ಇಲ್ಲಿ ಹಾಗಿರಲಿಲ್ಲ. ಬಯಲುಸೀಮೆಯವರು ಹೊಲದಲ್ಲಿ ಅವರೆ ಕೀಳುವ ಹಾಗೆ ಕೆಳಕ್ಕೆ ಜಗ್ಗಿದ್ದರು, ತೊಗಟೆ ಸುಲಿದುಬಂದಿತ್ತು. ದುಂಡಮ್ಮನಿಗೆ ಗೊತ್ತಾಯಿತು. ತಿರುಗಿ ನೋಡಿದರೆ ಹಿಂದೆಯೇ ಪುಟ್ಟೀರಿ ನಿಂತಿದ್ದಳು.

"ಕೊಂದ್ಬುಡು ದೊಡ್ಡವ್ವಾ. ಇಲ್ಲೇ ಕೊಂದ್ಬುಡು."

ದುಂಡಮ್ಮ ಅವಳ ಹೊಟ್ಟೆ ನೋಡಿದಳಂತೆ. ತುಂಬ ಹೊತ್ತು ನೋಡಿದಳಂತೆ. ಆ ಹೊತ್ತಿನಲ್ಲಿ ಅವಳಿಗೆ ಏನೇನು ಅನ್ನಿಸಿತೋ, ಯಾರಿಗೂ ಗೊತ್ತಿಲ್ಲ. ಕಲ್ಲೊಂದು ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು ಅಂತ ಮಾತ್ರ ಹೇಳುತ್ತಾರೆ.

"ಇಳಿ ಮಗಾ," ಅಂದಳು. "ಯಾರ ಮುಂದೂ ಬಾಯಿ ಬುಟ್ಟೀಯ, ಮತ್ತೆ."

ನ್ಯಾಯ ಸೇರಿತು. ಊರಿನ ಪ್ರಶ್ನೆ ಒಂದೇ. ಎಲ್ಲರೂ ಉಂಡಾಗ ಬೇಯಿಸಿದ ದುಂಡಮ್ಮ ಒಬ್ಬಳು ಯಾಕೆ ಉಣ್ಣಲಿಲ್ಲ? ಬೇಯಿಸಿದವಳು ಕಡೆಗೆ ಉಣ್ಣುವುದು ಎಲ್ಲರಿಗೂ ಗೊತ್ತಿದ್ದ ಮಾತೇ. ಆದರೆ ಹೆಣ ಮಲಗಿಸಿದ ಮನೆಗಳಿಗೆ ಆ ಮಾತು ರುಚಿಸಲಿಲ್ಲ. ಗೌಡರು ಕೇಳಿದರು, "ಯಾರ ಕುಕ್ಕೇದು, ಹೇಳು. ನಿಂಗೆ ಗೊತ್ತಿರತದೆ. ಬಳ್ಳಿ ಸವರಿ ಹೆಸರು ಹೇಳೋಳಲ್ವೇನೇ ನೀನು!"

ಹೆಸರು ಹೇಳಿದರೆ ಆ ಹುಡುಗಿಯನ್ನು ಅಲ್ಲೇ ಹೊಡೆದು ಹಾಕುತ್ತಿದ್ದರು. ಹೇಳದಿದ್ದರೆ ಸ್ವಂತ ಮಗಳಿಗೆ ವಿಷ ಬಡಿಸಿದವಳು ಅನ್ನುವ ಹೆಸರು ಸಾಯುವವರೆಗೂ ತನಗೆ. ಪುಟ್ಟೀರಿ ಗುಂಪಿನ ಅಂಚಿನಲ್ಲಿ ಗೋಡೆ ಹಿಡಿದು ನಿಂತಿದ್ದಳು.

"ಹಂಡೆ ಮುಂದೆ ಕೂತಿದ್ದೋಳು ನಾನು," ಅಂದಳು ದುಂಡಮ್ಮ. "ನೋಡಬೇಕಾಗಿದ್ದೋಳು ನಾನು."

ಊರು ಅದನ್ನೇ ತಪ್ಪೊಪ್ಪಿಗೆ ಅಂದುಕೊಂಡಿತು. ಹಂಡೆ ಒಡೆದರು, ಅವಳನ್ನು ಊರು ಬಿಡಿಸಿದರು. ಗೌಡರ ಅಪ್ಪಣೆಯ ಮೇರೆಗೆ ಗುಡ್ಡದ ಬಳ್ಳಿಗಳನ್ನೆಲ್ಲ, ಒಳ್ಳೆಯದು ಕೆಟ್ಟದ್ದು ನೋಡದೆ, ಬುಡಕ್ಕೆ ಕಡಿದರು.

ಮರುವರ್ಷ ಹಗೇವುಗಳು ಬರಿದಾದವು. ತಿನ್ನಲು ಗುಡ್ಡವೂ ಇರಲಿಲ್ಲ. ಯಾವುದು ತಿನ್ನುವುದು ಅಂತ ಹೇಳುವವಳಿಲ್ಲದೆ ಅಣಬೆ, ಸೊಪ್ಪು ಕೀಳಲೂ ಜನ ಹೆದರಿದರು. ಆ ಮಳೆಗಾಲದಲ್ಲಿ ಹಸಿವಿನಿಂದ ಸತ್ತವರು ಹಂಡೆಯಿಂದ ಸತ್ತವರಿಗಿಂತ ಹೆಚ್ಚು ಅನ್ನುತ್ತಾರೆ. ಕಡಿದ ಬುಡಗಳು ಮತ್ತೆ ಚಿಗುರಿದವು, ಎರಡೂ ಬಗೆಯವು ಚಿಗುರಿದವು. ಯಾರಿಗೂ ಮುಟ್ಟುವ ಧೈರ್ಯವಿರಲಿಲ್ಲ.

ದುಂಡಮ್ಮ ಬಂಡೆಯ ಸಂದಿನಲ್ಲಿ ಬದುಕಿದ್ದಳಂತೆ. ಸೌದೆಗೆ ಬರುವ ಹೆಂಗಸರು ದೂರದಿಂದ ಕಲ್ಲೆಸೆಯುತ್ತಿದ್ದರು. ಅವಳು ಬಳ್ಳಿಯ ತುಂಡೊಂದನ್ನು ಎತ್ತಿ ಹಿಡಿದು, "ಕೈ ನೋಡಿ ಕೀಳ್ರವ್ವಾ, ಕೈ ನೋಡಿ" ಅಂತ ಕೂಗುತ್ತಿದ್ದಳು. ಅಷ್ಟೇ. ಬೇರೆ ಮಾತಿಲ್ಲ. ಕೊನೆಗೆ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಹತ್ತಿರ ಹೋದವಳು ಪುಟ್ಟೀರಿ. ಅವಳು ಕೈ ಇರುವ ಬಳ್ಳಿಯ ಹಣ್ಣು ತಂದು ಬೇಯಿಸಿ ತಿಂದಳು, ಬದುಕಿದಳು. ಅದನ್ನು ಕಂಡು ಹಸಿದ ಮನೆಗಳೂ ಒಂದೊಂದಾಗಿ ತಿಂದವು. ದುಂಡಮ್ಮನನ್ನು ಮಾತ್ರ ಯಾರೂ ಕೆಳಗೆ ಕರೆಯಲಿಲ್ಲ.

ಅವಳು ಸತ್ತಾಗ ಬೆರಳಿಗೆ ದ್ರಾಕ್ಷಿ ಬಳ್ಳಿಯ ಕೈ ಸುತ್ತಿಕೊಂಡಿತ್ತು ಅನ್ನುತ್ತಾರೆ. ಪುಟ್ಟೀರಿ ಕಟ್ಟಳೆ ಮುರಿದಳು. ಕೈ ಸಮೇತ ಆ ಬಳ್ಳಿಯನ್ನು ಊರೊಳಗೆ ತಂದು ಗೌಡರ ಜಗುಲಿಯ ಮೇಲಿಟ್ಟಳು.

"ಅವತ್ತಿನ ಕುಕ್ಕೆ ನಂದು."

ಗೌಡರು ಮುದುಕರಾಗಿದ್ದರು. ಅವರು ಕೇಳಿದ್ದು ಇಷ್ಟೇ: "ಅವಳಿಗೆ ಗೊತ್ತಿತ್ತಾ?"

"ಗೊತ್ತಿತ್ತು."

ಗೌಡರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರಂತೆ. ಪುಟ್ಟೀರಿಯನ್ನು ಊರು ಹೊಡೆಯಿತು ಅಂತ ಕೆಲವರು ಹೇಳುತ್ತಾರೆ, ಇಲ್ಲ ಅಂತ ಕೆಲವರು ಹೇಳುತ್ತಾರೆ.

ಇವತ್ತಿಗೂ ಆ ಊರಲ್ಲಿ ಹೊಸಹಣ್ಣು ಬೇಯಿಸಿದ ದಿನ ಎಲ್ಲರೂ ಸಾಲಾಗಿ ಕೂರುತ್ತಾರೆ, ಆದರೆ ಯಾರೂ ಎಲೆ ಮುಟ್ಟುವುದಿಲ್ಲ. ಬೇಯಿಸಿದವಳು ಅವರೆದುರು ಒಬ್ಬಳೇ ಕೂತು ಮೊದಲು ಉಣ್ಣುತ್ತಾಳೆ. ಉಂಡು ಸುಮ್ಮನೆ ಕೂರುತ್ತಾಳೆ. ಜಗುಲಿಯ ಕಂಬದ ನೆರಳು ಅಂಗಳ ದಾಟುವವರೆಗೂ ಮಕ್ಕಳು, ಮುದುಕರು, ಅವಳ ಗಂಡ, ಎಲ್ಲರೂ ಅವಳ ಮುಖವನ್ನೇ ನೋಡುತ್ತಿರುತ್ತಾರೆ. ನೆರಳು ದಾಟಿದ ಮೇಲೆ ಅವಳೇ ಎದ್ದು ಬಡಿಸುತ್ತಾಳೆ.