ಜವರಯ್ಯನ ಜೇಬಿನಲ್ಲಿದ್ದ ಫ್ಯೂಸು

ಲೈನ್‌ಮನ್ ಜವರಯ್ಯ ತಂತಿ ಮುಟ್ಟುವ ಮೊದಲು ಎರಡು ಕೆಲಸ ತಪ್ಪದೆ ಮಾಡುತ್ತಿದ್ದ. ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ಮೂರೂ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಆಮೇಲೆ ಕಂಬ ಹತ್ತಿ, ಉದ್ದನೆಯ ಕೋಲಿನಿಂದ ತಂತಿಗೆ ಅರ್ಥಿಂಗ್ ಸರಪಳಿ ಸಿಗಿಸುತ್ತಿದ್ದ. ಅಕಸ್ಮಾತ್ ಕರೆಂಟು ಹರಿದರೂ ಸರಪಳಿ ಹಿಡಿದು ನೆಲಕ್ಕೆ ಹೋಗಲಿ, ತನ್ನ ಮೈಮೇಲೆ ಬರದಿರಲಿ ಎಂದು.

ಟೀ ಅಂಗಡಿ ಚಿಕ್ಕಲಿಂಗಯ್ಯ ದಿನಾ ಕಾಲೆಳೆಯುತ್ತಿದ್ದ. "ಫ್ಯೂಸು ನಿನ್ನ ಜೇಬಲ್ಲೇ ಇದೆಯಲ್ಲೋ ಮಾರಾಯ, ಸರಪಳಿ ಬೇರೆ ಯಾಕೆ? ಅಷ್ಟು ಪುಕ್ಕಲನಾದ್ರೆ ಈ ಕೆಲಸಕ್ಕೆ ಯಾಕೆ ಬಂದೆ?"

"ಫ್ಯೂಸು ನನ್ನ ಜೇಬಲ್ಲಿದೆ. ಊರಿನವರ ಬುದ್ಧಿ ನನ್ನ ಜೇಬಲ್ಲಿಲ್ಲವಲ್ಲ" ಎನ್ನುತ್ತಿದ್ದ ಜವರಯ್ಯ.

ಅವತ್ತು ಕ್ರಿಕೆಟ್ ಫೈನಲ್. ಮಧ್ಯಾಹ್ನ ಕೊಂಬೆ ಬಿದ್ದು ತಂತಿ ತುಂಡಾಯಿತು. ಜವರಯ್ಯ ಫ್ಯೂಸು ಕಿತ್ತುಕೊಂಡು ಹಿಂದಿನ ಬೀದಿಯ ಕಂಬ ಹತ್ತಿದ. ಇತ್ತ ಅಂಗಡಿಯಲ್ಲಿ ಆರಿಹೋದ ಟಿವಿ ಮುಂದೆ ಐವತ್ತು ಜನ. ಉಳಿದದ್ದು ಐದೇ ಓವರು. ಎಲ್ಲರೂ ಜವರಯ್ಯನನ್ನು ಬಾಯಿಗೆ ಬಂದಂತೆ ಬೈಯತೊಡಗಿದರು. ಚಿಕ್ಕಲಿಂಗಯ್ಯ ಎದ್ದು ಟ್ರಾನ್ಸ್‌ಫಾರ್ಮರ್ ಹತ್ತಿರ ಹೋದ. ಪೆಟ್ಟಿಗೆಯ ಬೀಗ ಮುರಿದು ಎರಡು ವರ್ಷವಾಗಿತ್ತು, ಹೊಸದು ಹಾಕಿಸುವ ಪುಣ್ಯಾತ್ಮ ಒಬ್ಬನೂ ಇರಲಿಲ್ಲ. ಒಂದು ತುಂಡು ತಂತಿಯನ್ನು ಇಕ್ಕಳದಲ್ಲಿ ಹಿಡಿದು ಫ್ಯೂಸಿನ ಜಾಗಕ್ಕೆ ಸಿಗಿಸಿದ.

ಢಮಾರ್ ಎಂದಿತು. ತಂತಿ ಉರಿದು ಚಿಕ್ಕಲಿಂಗಯ್ಯನ ಬೆರಳು ಸುಟ್ಟವು. ಅಲ್ಲಿ ಕಂಬದ ಮೇಲೆ, ಜವರಯ್ಯನ ಕೈಯಿಂದ ಒಂದು ಗೇಣು ದೂರದಲ್ಲಿ, ಸರಪಳಿ ಕಿಡಿ ಕಾರಿತು. ಅವನು ಕಂಬ ತಬ್ಬಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಕಣ್ಣು ಬಿಟ್ಟಾಗ ಹೆಂಡತಿ ಕಟ್ಟಿಕೊಟ್ಟ ಬುತ್ತಿ ಕೆಳಗೆ ಸೈಕಲ್ಲಿನಲ್ಲಿ ನೇತಾಡುತ್ತಿತ್ತು.

ಇಳಿದವನೇ ನೇರ ಅಂಗಡಿಗೆ ಬಂದ. ಚಿಕ್ಕಲಿಂಗಯ್ಯ ಬಕೆಟ್ ನೀರಿನಲ್ಲಿ ಕೈ ಅದ್ದಿಕೊಂಡು ಕೂತಿದ್ದ. "ನೀನು ಇಳಿದಿರ್ತೀಯ ಅಂದ್ಕೊಂಡೆ ಕಣೋ" ಎಂದ.

ಜವರಯ್ಯನಿಗೆ ಮೈ ಉರಿದುಹೋಯಿತು. ಮೂರೂ ಫ್ಯೂಸು ತೆಗೆದು ಅವನ ಮುಂದೆ ಕುಕ್ಕಿದ. "ಇವು ನನ್ನ ಹತ್ರ ಇರೋವಾಗ ಹೆಂಗೋ ಇಳಿದಿರ್ತೀನಿ? ನಿನ್ನ ಅಂದ್ಕೊಂಡೆಗೆ ನನ್ನ ಹೆಣ ಬೀಳ್ತಿತ್ತು. ಹಿಂದಿನ ಬೀದಿಗೆ ಬಂದು ಒಂದು ಸಲ ನೋಡೋಕೆ ನಿನ್ನ ಕಾಲಿಗೇನು ರೋಗ ಬಂದಿತ್ತು?"

ಅಷ್ಟರಲ್ಲಿ ಗುಂಪಿನಿಂದ ಒಬ್ಬ ಕೇಳಿದ, "ಹೋಗ್ಲಿ ಬಿಡು ಜವರಯ್ಯ. ಕರೆಂಟು ಎಷ್ಟೊತ್ತಿಗೆ ಬರುತ್ತೆ?" ಮಾನಗೆಟ್ಟವರಿಗೆ ಏನು ಹೇಳೋಣ.

ಜವರಯ್ಯ ಅವನನ್ನು ದುರುಗುಟ್ಟಿ ನೋಡಿ, ಫ್ಯೂಸುಗಳನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಚಿಕ್ಕಲಿಂಗಯ್ಯ ಕೈಗೆ ಒದ್ದೆಬಟ್ಟೆ ಸುತ್ತಿಕೊಂಡು ಎದ್ದ. "ನೀನು ಹತ್ತು. ಪೆಟ್ಟಿಗೆ ಮುಂದೆ ನಾನು ನಿಂತಿರ್ತೀನಿ" ಎಂದ.

ಜವರಯ್ಯ ಮತ್ತೆ ಕಂಬ ಹತ್ತಿದ. ಮತ್ತೆ ಸರಪಳಿ ಸಿಗಿಸಿಯೇ ತಂತಿ ಮುಟ್ಟಿದ. ಇತ್ತ ಗುಂಪಿನವನೊಬ್ಬ ಕೈಯಲ್ಲಿ ತುಂಡು ತಂತಿ ಹಿಡಿದು ಪೆಟ್ಟಿಗೆಯ ಹತ್ತಿರ ಬಂದ. "ಒಂದೇ ಓವರು ಕಣಣ್ಣ, ಅವನು ಇಳಿದಾಯ್ತೇನೋ" ಎಂದ. ಚಿಕ್ಕಲಿಂಗಯ್ಯ ಸುತ್ತಿದ್ದ ಒದ್ದೆಬಟ್ಟೆ ಬಿಚ್ಚಿ ಸುಟ್ಟ ಕೈ ತೋರಿಸಿದ. ಬಂದವನು ತಂತಿ ಅಲ್ಲೇ ಬಿಸಾಕಿ ಹೋದ.

ನೀತಿ: ಯಾರೋ ನಗುತ್ತಾರೆಂದು ಜಾಗ್ರತೆ ಬಿಡಬೇಡಿ. ನಮ್ಮ ಜಾಗ್ರತೆ ನಮ್ಮ ತಪ್ಪಿಗಷ್ಟೇ ಅಲ್ಲ, ಬೇರೆಯವರ ಅವಸರಕ್ಕೂ ಬೇಕು. ಇನ್ನೊಬ್ಬರ ಜೀವದ ವಿಷಯದಲ್ಲಿ 'ಅಂದುಕೊಳ್ಳಬೇಡಿ', ಹೋಗಿ ಕಣ್ಣಾರೆ ನೋಡಿ.