ಕರಡಿ ಗವಿ ಕೊಟ್ಟ ಸೀಳುನಾಯಿಗಳು

ಹೊಳೆಯ ಆಚೆ ಹುಲಿಯ ರಾಜ್ಯ, ಈಚೆ ಕರಡಿಯದು. ಹುಲಿಯ ವಿರುದ್ಧ ದಂಗೆಯೆದ್ದು ಸೋತ ಸೀಳುನಾಯಿಗಳು ಈಚೆ ದಡಕ್ಕೆ ಓಡಿಬಂದಾಗ ಕರಡಿ ಒಳಗೊಳಗೇ ಹಿಗ್ಗಿತು. ನೆರೆಯವನಿಗೆ ಕಾಟ ಕೊಡಲು ಇನ್ನು ತಾನು ಉಗುರು ಸವೆಸಬೇಕಿಲ್ಲವಲ್ಲ ಎಂದುಕೊಂಡಿತು.

“ನಿದ್ದೆ ಈಚೆ, ಬೇಟೆ ಆಚೆ. ಇದೊಂದೇ ಷರತ್ತು,” ಎಂದು ಅವಕ್ಕೆ ಒಂದು ಗವಿ ಬಿಟ್ಟುಕೊಟ್ಟಿತು.

ಜಿಂಕೆಗಳು ನಡುಗುತ್ತಾ ಬಂದವು. “ದೊರೆ, ಅವುಗಳ ಶಿಳ್ಳೆ ಕೇಳಿದರೆ ನಮ್ಮ ಮರಿಗಳು ಹಾಲು ಕುಡಿಯುವುದನ್ನೇ ಬಿಡುತ್ತವೆ.”

“ಆ ಶಿಳ್ಳೆ ಹುಲಿಗೆ, ನಿಮಗಲ್ಲ,” ಎಂದಿತು ಕರಡಿ.

ಹಲವು ವರ್ಷ ಹಾಗೇ ನಡೆಯಿತು. ಆಮೇಲೊಂದು ಬೇಸಿಗೆಯಲ್ಲಿ ಕರಡಿಗೆ ಆಚೆ ದಡದ ಜೇನು ಬೇಕಾಯಿತು, ಹುಲಿಯೊಡನೆ ರಾಜಿಯಾಯಿತು. ಕರಡಿ ನೇರ ಆ ಗವಿಯ ಮುಂದೆ ಹೋಗಿ ನಿಂತು, “ಸಾಕು, ಇನ್ನು ನಿಮ್ಮ ಊರಿಗೆ ಹೊರಡಿ,” ಎಂದಿತು.

ಹೊರಗೆ ಬಂದದ್ದು ಹಳೆಯ ನಾಯಕನಲ್ಲ, ಕರಡಿ ಎಂದೂ ನೋಡಿರದ ಪ್ರಾಯದ ನಾಯಿಗಳು. ಬರುತ್ತಲೇ ಇದ್ದವು.

“ಯಾವ ಊರಿಗೆ ದೊರೆ?” ಎಂದು ಮುಂದಿದ್ದದ್ದು ವಿನಯದಿಂದಲೇ ಕೇಳಿತು. “ನಾವು ಹುಟ್ಟಿದ್ದು ಇಲ್ಲೇ. ಜಿಂಕೆಗಳು ನೀರಿಗಿಳಿಯುವ ಜಾಗ ಗೊತ್ತು. ತಾವು ಮಲಗುವ ಜಾಗವೂ ಗೊತ್ತು.”

ಕರಡಿ ಹೊಳೆಗೆ ಓಡಿ ಹುಲಿಯನ್ನು ಕೂಗಿತು. “ನಿನ್ನ ದಂಗೆಕೋರರನ್ನು ಕರೆದುಕೊಂಡು ಹೋಗು.”

ಹುಲಿ ಆಚೆ ದಡದಿಂದ ಏಳಲೂ ಇಲ್ಲ. “ನನ್ನವು ಮುದಿಯಾಗಿ ಸತ್ತವು ಮಾರಾಯ. ಇವು ನಿನ್ನ ಪ್ರಜೆಗಳು.”

ಅಷ್ಟರಲ್ಲಿ ಕರಡಿಯ ಬೆನ್ನ ಹಿಂದಿನ ಪೊದೆಯಲ್ಲಿ ಒಂದು ಶಿಳ್ಳೆ ಕೇಳಿತು. ಅದು ಯಾರಿಗೆಂದು ಈ ಸಲ ಯಾರೂ ಹೇಳಬೇಕಾಗಿರಲಿಲ್ಲ.