ಕುಂಕುಮ ಒರೆಸದ ಕಾರು

“ಗುರುಗಳೇ, ನನಗೊಂದು ರಕ್ಷೆ ಕಟ್ಟಿಕೊಡುತ್ತೀರಾ?” ಎಂದು ಶಿಷ್ಯ ಗುರುಪಾದ ಕೇಳಿದ. “ಹೊಸದಾಗಿ ಬಂದ ಚೆನ್ನವೀರ ಜಪಕ್ಕೆ ಕೂತು ಕಣ್ಣು ಮುಚ್ಚಿದರೆ ಅಲುಗಾಡುವುದೇ ಇಲ್ಲ. ನನಗೆ ಮಾತ್ರ ಮನಸ್ಸು ನಿಲ್ಲುತ್ತಿಲ್ಲ. ಅವನ ಕಣ್ಣು ತಗಲಿದೆ.”

ಗುರುಗಳು ನಕ್ಕರು. “ಅಯ್ಯೋ ಪಾಪ! ಕೂತುಕೋ, ಒಂದು ಕತೆ ಹೇಳುತ್ತೇನೆ.

“ಒಂದು ಊರಿನಲ್ಲಿ ಇಬ್ಬರು ಬಾಡಿಗೆ ಕಾರಿನವರಿದ್ದರು. ಅಕ್ಕಪಕ್ಕದ ಮನೆ. ಇಬ್ಬರೂ ಒಂದೇ ದಿನ ಬಿಳಿ ಕಾರು ತಂದರು. ಪುರೋಹಿತರು ಎರಡಕ್ಕೂ ಪೂಜೆ ಮಾಡಿ, ಎಣ್ಣೆಯಲ್ಲಿ ಕಲಸಿದ ಕುಂಕುಮದಿಂದ ಬಾನೆಟ್ಟಿನ ಮೇಲೆ ಸ್ವಸ್ತಿಕ ಬರೆದರು.

“ಒಬ್ಬ ಅಂದು ಸಂಜೆಯೇ ಕೈಮುಗಿದು, ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆ ಹಾಸಿ, ಕುಂಕುಮ ನೆನೆದ ಮೇಲೆ ಮೆಲ್ಲಗೆ ತೆಗೆದ. ಆಮೇಲೆ ಹಕ್ಕಿಯ ಹಿಕ್ಕೆ ಬಿದ್ದರೂ ಮರದ ಅಂಟು ಬಿದ್ದರೂ ಅಷ್ಟೇ. ಅಂದಂದಿನದು ಅಂದೇ ನೆನೆಸಿ ತೆಗೆಯುತ್ತಿದ್ದ. ಅವನ ಕಾರು ಹೊಳೆಯುತ್ತಿತ್ತು.

“ಇನ್ನೊಬ್ಬನಿಗೆ ಅದನ್ನು ಕಂಡರೆ ಹೊಟ್ಟೆಕಿಚ್ಚು. ಎದ್ದವನೇ ಕಿಟಕಿಯಿಂದ ಪಕ್ಕದ ಕಾರನ್ನು ನೋಡುತ್ತಿದ್ದ. ಮದುಮಗನನ್ನು ಕೂರಿಸಲು ಜನ ಆ ಕಾರನ್ನೇ ಕರೆದರೆ ಇವನಿಗೆ ಅನ್ನ ಸೇರುತ್ತಿರಲಿಲ್ಲ. ಅವನ ಕಣ್ಣು ನನ್ನ ಕಾರಿನ ಮೇಲಿದೆ, ಅದಕ್ಕೇ ನನಗೆ ಏಳಿಗೆಯಿಲ್ಲ ಎಂದು ನಂಬಿಕೊಂಡ.

“‘ಕುಂಕುಮ ತೊಳೀರಿ, ಬಿಸಿಲಿಗೆ ಕಚ್ಚಿಕೊಳ್ಳುತ್ತೆ,’ ಎಂದಳು ಹೆಂಡತಿ.

“‘ತೊಳೆದರೆ ಅವನ ದೃಷ್ಟಿ ನೆಟ್ಟಗೆ ತಗಲುತ್ತೆ, ಸುಮ್ಮನಿರೇ!’ ಎಂದು ಬೈದ. ಶುಕ್ರವಾರ ಬಂದರೆ ಅದರ ಮೇಲೇ ಇನ್ನಷ್ಟು ಬಳಿಯುತ್ತಿದ್ದ. ಹಿಕ್ಕೆಯನ್ನೂ ತೊಳೆಯಲಿಲ್ಲ. ಹೊಲಸಾಗಿದ್ದರೆ ಕಣ್ಣು ಬೀಳದಂತೆ! ಎಂಥ ಬುದ್ಧಿ ನೋಡು.

“ಒಂದು ದಿನ ಊರಿನ ಶೆಟ್ಟರು ಇವನ ಮನೆಗೇ ಬಂದರು. ‘ನಾಳೆ ಮಗಳ ಮದುವೆ. ಈ ಸಲ ನಿನ್ನ ಕಾರೇ ಇರಲಿ. ಬೆಳಿಗ್ಗೆ ಬರುತ್ತೇನೆ, ತೊಳೆದಿಡು. ಒಪ್ಪಿಗೆಯಾದರೆ ನಮ್ಮ ಮನೆತನದ ಬಾಡಿಗೆಯೆಲ್ಲ ಇನ್ನು ನಿನಗೇ,’ ಎಂದರು. ಅವನು ಕಾಯುತ್ತಿದ್ದದ್ದೇ ಆ ಮಾತಿಗೆ.

“ಶೆಟ್ಟರು ಹೋದರು. ಕುಂಕುಮ ಕಲ್ಲಾಗಿತ್ತು. ನೆನೆಸುವಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಪಕ್ಕದವನು ನೋಡುವುದರೊಳಗೆ ಮುಗಿಸಬೇಕೆಂದು ಪಾತ್ರೆ ತಿಕ್ಕುವ ಸ್ಟೀಲ್ ನಾರಿನಿಂದ ನೀರೂ ಹಾಕದೆ ತಿಕ್ಕಿದ. ಕುಂಕುಮ ಹೋಯಿತು. ಜೊತೆಗೆ ಕಾರಿನ ಬಣ್ಣವೂ ಹೋಯಿತು.

“ಬೆಳಿಗ್ಗೆ ಶೆಟ್ಟರು ಬಾನೆಟ್ಟನ್ನು ನೋಡಿದರು, ನೇರವಾಗಿ ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದರು. ಇವನು ಬೀದಿಯಲ್ಲಿ ನಿಂತು ಅರಚಿದ: ‘ಕೊನೆಗೂ ನಿನ್ನ ಕಣ್ಣು ತಗಲಿಸಿಬಿಟ್ಟೆಯಲ್ಲೋ, ಪಾಪಿ!’

“ಪಕ್ಕದವನು ಹೊರಗೆ ಬಂದು ಕಂಗಾಲಾಗಿ ನಿಂತ. ‘ಅಣ್ಣಾ, ನಿನ್ನ ಕಾರನ್ನು ನಾನು ಸರಿಯಾಗಿ ನೋಡುತ್ತಿರುವುದೇ ಇವತ್ತು,’ ಎಂದ.”

ಗುರುಗಳು ಕತೆ ನಿಲ್ಲಿಸಿದರು.

“ಅವನ ಕತೆ ಹಾಗಿರಬಹುದು ಗುರುಗಳೇ, ಆದರೆ ಚೆನ್ನವೀರ ಹಾಗಲ್ಲ,” ಎಂದ ಗುರುಪಾದ. “ನನಗೆ ರಕ್ಷೆ ಬೇಕೇ ಬೇಕು.”

“ಕಟ್ಟೋಣವಂತೆ, ಕಣ್ಣು ಮುಚ್ಚಿ ಕೂತ ಚೆನ್ನವೀರನನ್ನು ಜಪದ ಹೊತ್ತಿನಲ್ಲಿ ನೋಡುತ್ತಾ ಕೂತಿದ್ದ ಕಣ್ಣು ಯಾರದು, ಅದನ್ನು ಮೊದಲು ಹೇಳು.”